ಪದಕದ ಅಂಚಿನಲ್ಲಿದ್ದ ಮುತ್ತಜ್ಜ

ಮಾನೇಸರ್‌ನ ನಮ್ಮ ಕಾರ್ಖಾನೆಯಲ್ಲಿ ತಯಾರಾದ ಒಂದು ಬೇರಿಂಗ್ ಕೆಟ್ಟಿದೆ ಎಂದು ದೂರು ಬಂದರೆ ಅದರ ಜಾತಕ ತೆಗೆಯಲು ಅರ್ಧ ಗಂಟೆ ಸಾಕು. ಯಾವ ಪಾಳಿಯಲ್ಲಿ ಆಯಿತು, ಯಾವ ಯಂತ್ರದಲ್ಲಿ ಆಯಿತು, ಉಕ್ಕು ಯಾವ ಲಾಟಿನದು, ಕೊನೆಗೆ ತಪಾಸಣೆ ಮಾಡಿ ಸಹಿ ಹಾಕಿದವರು ಯಾರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಇರುತ್ತದೆ. ನನಗೆ ಸಂಬಳ ಬರುವುದೇ ಈ ಕೆಲಸಕ್ಕೆ. ಅಂಥವನಿಗೆ ಸ್ವಂತ ಮುತ್ತಜ್ಜನ ಜಾತಕ ತೆಗೆಯಲು ಎರಡು ವರ್ಷ ಬೇಕಾಯಿತು. ಅದೂ ಪೂರ್ತಿ ಸಿಕ್ಕಿತೆಂದು ಹೇಳಲಾರೆ.

ಶುರುವಾದದ್ದು ಊರಿನಿಂದ ಬಂದ ಒಂದು ಫೋನಿನಿಂದ. ನಮ್ಮದು ಹಿರಿಯೂರು ತಾಲ್ಲೂಕಿನ ಹಳ್ಳಿ. ಕಾರ್ಖಾನೆಯ ಗೇಟಿನಿಂದ ಕಾಣುವ 48ನೇ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಳಗಾವಿ ದಾಟಿ ಎಲ್ಲೂ ರಸ್ತೆ ಬಿಡದೆ ಹೋದರೆ ಹಿರಿಯೂರು ಸಿಗುತ್ತದೆ. ಹಾಗೆ ನೋಡಿದರೆ ನಾನಿನ್ನೂ ಊರ ರಸ್ತೆಯಲ್ಲೇ ಇದ್ದೇನೆ. ಫೋನ್ ಮಾಡಿದವರು ದೊಡ್ಡಪ್ಪ, ಎಂಬತ್ತರ ಆಸುಪಾಸಿನವರು. ಎರಡು ವಿಷಯ ಹೇಳಿದರು. ಒಂದು, ನಾಲೆ ಕೆಳಗಿನ ಎರಡು ಎಕರೆ ಇನ್ನೂ ಮುತ್ತಜ್ಜನ ಹೆಸರಿನಲ್ಲೇ ಇದೆ, ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು. ಇನ್ನೊಂದು, ಊರಿನ ಯುವಕರು ಬಸ್ ನಿಲ್ದಾಣದ ಹತ್ತಿರ ಒಂದು ಫಲಕ ಹಾಕಿಸುತ್ತಾರಂತೆ, ಅದರಲ್ಲಿ ಮುತ್ತಜ್ಜನ ಹೆಸರಿನ ಮುಂದೆ ‘ಹೈಫಾ ವೀರ’ ಎಂದು ಬರೆಸುತ್ತಾರಂತೆ.

‘ನೀನು ಡೆಲ್ಲೀಲಿ ಇದ್ದೀಯ. ಅಲ್ಲಿ ಏನೋ ಮೂರು ಪ್ರತಿಮೆ ಐತಂತಲ್ಲ, ಹೋಗಿ ಹೆಸ್ರು ಐತಾ ನೋಡ್ಕೊಂಡು ಬಾ. ಒಂದು ಫೋಟೊ ಕಳ್ಸು. ಫಲಕದ ಪಕ್ಕ ಹಾಕ್ಸಾಣ’ ಎಂದರು.

ನಮ್ಮ ಮನೆಯಲ್ಲಿ ಮುತ್ತಜ್ಜನ ಕಥೆ ಎಲ್ಲರಿಗೂ ಬಾಯಿಪಾಠ. ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ ಸವಾರ. ಹಡಗು ಹತ್ತಿ ಮಿಸರ್ ದೇಶಕ್ಕೆ ಹೋದ. ಬರ್ಜಿ ಹಿಡಿದು ಕುದುರೆ ಮೇಲೆ ನುಗ್ಗಿ ತುರುಕರ ಫಿರಂಗಿ ಹಿಡಿದ. ರಾಜರು ಬೆಳ್ಳಿ ಪದಕ ಕೊಟ್ಟರು. ಪದಕ ಈಗಲೂ ದೊಡ್ಡಪ್ಪನ ಟ್ರಂಕಿನಲ್ಲಿದೆ, ಕರಿ ನಾಣ್ಯದ ಹಾಗೆ. ಅದರ ಒಂದು ಮುಖದಲ್ಲಿ ಕುದುರೆ ಹತ್ತಿದ ಒಬ್ಬ ಗಂಡಸು ಇದ್ದಾನೆ. ಅವನೇ ನಮ್ಮ ಮುತ್ತಜ್ಜ ಎಂದು ನಾನು ಏಳನೇ ತರಗತಿಯವರೆಗೂ ನಂಬಿದ್ದೆ. ಸವಾರ ಬತ್ತಲೆ ಇದ್ದಾನೆ ಎಂಬುದು ಮಾತ್ರ ಸ್ವಲ್ಪ ಮುಜುಗರದ ಸಂಗತಿಯಾಗಿತ್ತು. ‘ಬಿಸಿಲು ದೇಶ ಕಣೋ’ ಎಂದು ಅಜ್ಜಿ ಸಮಾಧಾನ ಹೇಳುತ್ತಿದ್ದಳು.

ಒಂದು ಭಾನುವಾರ ಗುರುಗ್ರಾಮದವರೆಗೆ ಬಸ್ಸು, ಅಲ್ಲಿಂದ ಮೆಟ್ರೊ ಹಿಡಿದು ತೀನ್ ಮೂರ್ತಿಗೆ ಹೋದೆ. ನೆಹರೂ ಅವರಿದ್ದ ತೀನ್ ಮೂರ್ತಿ ಭವನ ಎಲ್ಲರಿಗೂ ಗೊತ್ತು. ಆ ಹೆಸರು ಬಂದದ್ದು ಎದುರಿನ ವೃತ್ತದಲ್ಲಿ ನಿಂತ ಮೂವರು ಕಂಚಿನ ಸೈನಿಕರಿಂದ ಎಂಬುದು, ಆ ಮೂವರಲ್ಲಿ ಒಬ್ಬ ಮೈಸೂರಿನವನು ಎಂಬುದು ದೆಹಲಿಯಲ್ಲಿ ದಶಕಗಟ್ಟಲೆ ಇರುವ ಕನ್ನಡಿಗರಿಗೂ ಗೊತ್ತಿರುವುದಿಲ್ಲ. ಇನ್ನಿಬ್ಬರು ಜೋಧಪುರ ಮತ್ತು ಹೈದರಾಬಾದಿನ ಲ್ಯಾನ್ಸರುಗಳು. ಲೆನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ಕೆಲಸ. 2018ರ ಜನವರಿಯಲ್ಲಿ ಇಸ್ರೇಲ್ ಪ್ರಧಾನಿ ಬಂದಿದ್ದಾಗ ಇದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ನಮ್ಮೂರಿನ ಯುವಕರಿಗೆ ಹೈಫಾ ಎಂಬ ಪದ ಸಿಕ್ಕಿದ್ದೂ ಆಗಲೇ ಇರಬೇಕು. ಮುತ್ತಜ್ಜನ ಹಳೆಯ ಕಥೆಯಲ್ಲಿ ಮಿಸರ್ ಇತ್ತು, ಹೈಫಾ ಇದ್ದ ನೆನಪು ನನಗಿಲ್ಲ.

ಇತಿಹಾಸ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನ ತನ್ನ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಪಡೆಯನ್ನು ಬ್ರಿಟಿಷರ ಜೊತೆ ಕಳಿಸಿತು. 1914ರ ಕೊನೆಯಲ್ಲಿ ಈಜಿಪ್ಟ್ ಸೇರಿ ಮೊದಲು ಸೂಯೆಜ್ ಕಾಲುವೆಯ ಕಾವಲು ಕಾದರು, ಆಮೇಲೆ ಪ್ಯಾಲೆಸ್ಟೈನ್ ಕಡೆ ಸಾಗಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರು ಪಟ್ಟಣದ ಮೇಲೆ ದಾಳಿ ನಡೆಯಿತು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಕಡೆ ಹತ್ತಿದರು, ಜೋಧಪುರದವರು ನೇರ ಊರೊಳಗೆ ನುಗ್ಗಿದರು. ಮೆಷಿನ್‌ಗನ್ನುಗಳ ಎದುರು ಬರ್ಜಿ ಹಿಡಿದ ಕುದುರೆ ಸವಾರರು. 1,350 ಮಂದಿ ಸೆರೆಯಾದರು. ನಮ್ಮ ಕಡೆ 8 ಮಂದಿ ಸತ್ತರು, 34 ಮಂದಿಗೆ ಗಾಯ. ಸತ್ತ ಕುದುರೆಗಳು 60. (ಮೂರು ಮೂರ್ತಿಗಳಲ್ಲಿ ಒಬ್ಬನಾದ ಹೈದರಾಬಾದಿನವನ ಪಡೆ ಆ ದಿನ ದಾಳಿಯಲ್ಲಿರಲಿಲ್ಲ, ಕೈದಿಗಳ ಕಾವಲಿನಲ್ಲಿತ್ತು. ಸ್ಮಾರಕ ಇಡೀ ಬ್ರಿಗೇಡಿನದು, ಹೈಫಾದ್ದೊಂದೇ ಅಲ್ಲ.)

ಸ್ಮಾರಕವನ್ನು ಎರಡು ಸುತ್ತು ಹಾಕಿದೆ. ಮುತ್ತಜ್ಜನ ಹೆಸರಿಲ್ಲ. ದೊಡ್ಡಪ್ಪನಿಗೆ ಪ್ರತಿಮೆಯ ಫೋಟೊ ಮಾತ್ರ ಕಳಿಸಿದೆ. ‘ನೋಡು, ನಮ್ಮಜ್ಜಂದೇ ಮೂಗು’ ಎಂದು ಉತ್ತರ ಬಂತು.

ಆಮೇಲೆ ರಾತ್ರಿ ಹೊತ್ತು ಹುಡುಕಾಟ ಶುರು ಮಾಡಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಪುಕ್ಕಟೆ ನೋಡಬಹುದು. ಪಡೆ, ಸತ್ತ ದಿನ, ಕೆಲವು ಕಡೆ ತಂದೆಯ ಹೆಸರು, ಊರು, ತಾಲ್ಲೂಕು ಕೂಡ ಇರುತ್ತದೆ. ಮೈಸೂರು ಲ್ಯಾನ್ಸರ್ಸ್ ಎಂದು ಹುಡುಕಿದರೆ ಹೆಸರುಗಳು ಬರುತ್ತವೆ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಬರೆದ ರೀತಿ ಮಾತ್ರ ಬೇರೆಯೇ ಒಂದು ಸಂಶೋಧನೆಗೆ ವಸ್ತು. ಈರಣ್ಣ ಎಂಬ ಒಂದೇ ಹೆಸರನ್ನು ‘ಇ’, ‘ಐ’, ‘ವೈ’, ‘ವಿ’ ಯಾವ ಅಕ್ಷರದಿಂದ ಬೇಕಾದರೂ ಶುರು ಮಾಡಬಹುದು. ಮುತ್ತಜ್ಜನ ಹೆಸರನ್ನು ಒಂಬತ್ತು ಬಗೆಯಲ್ಲಿ ಬರೆದು ಹುಡುಕಿದೆ. ಸಿಗಲಿಲ್ಲ.

ಸಿಗದೆ ಬೇಸರ ಮಾಡಿಕೊಂಡು ಕುಳಿತಿದ್ದಾಗ ಹೆಂಡತಿ ಕೇಳಿದಳು: ‘ಅವರು ವಾಪಸ್ ಬಂದ್ರು ತಾನೆ? ಬರದೇ ಇದ್ದಿದ್ರೆ ನೀವೆಲ್ಲಿ ಇರ್ತಿದ್ರಿ?’

ಅಷ್ಟು ಸರಳ. ಅದು ಸತ್ತವರ ಪಟ್ಟಿ. ಸೂಯೆಜ್ ಕಾಲುವೆಯ ದಂಡೆಯಲ್ಲಿ ಪೋರ್ಟ್ ತೌಫೀಕ್ ಎಂಬಲ್ಲಿ 1926ರಲ್ಲಿ ಭಾರತೀಯ ಸೈನಿಕರ ಸ್ಮಾರಕ ಕಟ್ಟಿದ್ದರು. ಅರಬ್–ಇಸ್ರೇಲ್ ಕಾಳಗಗಳಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋದ ಹೆಲಿಯೊಪೊಲಿಸ್‌ನಲ್ಲಿ ಹೆಸರುಗಳನ್ನು ಹೊಸದಾಗಿ ಕೆತ್ತಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಕಲ್ಲು ಸಿಗುವುದು ಸತ್ತವರಿಗೆ. ಹಾಗೆಂದು ಸತ್ತವರಿಗೆಲ್ಲ ಸಿಕ್ಕಿದೆ ಎಂದೂ ಅಲ್ಲ. ಏಷ್ಯಾ, ಆಫ್ರಿಕಾದ ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರು ಎಲ್ಲೂ ದಾಖಲಾಗಿಲ್ಲ ಎಂದು ಆ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಬದುಕಿ ಊರಿಗೆ ಬಂದು ರಾಗಿ ಬಿತ್ತಿದವನನ್ನು ಹುಡುಕಬೇಕಾದರೆ ಕಲ್ಲು ಬಿಟ್ಟು ಕಾಗದಕ್ಕೆ ಹೋಗಬೇಕು.

ರಜೆ ಹಾಕಿ ಜನಪಥದ ರಾಷ್ಟ್ರೀಯ ಪತ್ರಾಗಾರಕ್ಕೂ ಹೋದೆ. ಅವರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಎಷ್ಟೋ ಕಡತ ಓದಬಹುದು. ಸಂಸ್ಥಾನಗಳ ಪಡೆಗಳ ಬಗ್ಗೆ ನಾನು ತೆರೆದ ಕಡತಗಳಲ್ಲಿ ಅಧಿಕಾರಿಗಳ ಹೆಸರುಗಳಿದ್ದವು, ಬಡ್ತಿ ಇತ್ತು, ಕುದುರೆಗಳ ಲೆಕ್ಕ ಇತ್ತು, ಮೇವಿನ ಖರ್ಚಿನ ಬಗ್ಗೆ ಉದ್ದುದ್ದ ಪತ್ರಗಳಿದ್ದವು. ಮೇವು ಹಾಕಿದವನ ಹೆಸರು ಒಂದರಲ್ಲೂ ಇರಲಿಲ್ಲ.

ಈ ನಡುವೆ ನಮ್ಮ ಲೈನಿನ ಸೂಪರ್‌ವೈಸರ್ ಒಬ್ಬರ ತಂದೆ ತೀರಿಕೊಂಡರು. ಪಟೌಡಿ ಕಡೆಯವರು. ಅಸ್ಥಿ ಬಿಡಲು ಹರಿದ್ವಾರಕ್ಕೆ ಹೋಗಿ ಬಂದ ಮೇಲೆ ಊಟದ ಹೊತ್ತಿನಲ್ಲಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಉದ್ದನೆಯ ಹಳದಿ ಹಾಳೆ, ಅದರಲ್ಲಿ ಅವರ ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು ಎಲ್ಲರ ಹೆಸರು. ಹರಿದ್ವಾರದ ಪಂಡಾಗಳು ಇಂಥ ಊರು, ಇಂಥ ಕುಲ ಎಂದು ಹಂಚಿಕೊಂಡು ‘ವಹಿ’ ಎಂಬ ಪುಸ್ತಕ ಇಟ್ಟಿರುತ್ತಾರೆ. ಯಾರು ಯಾವಾಗ ಯಾರ ಅಸ್ಥಿ ತಂದರು ಎಂದು ಬರೆದುಕೊಳ್ಳುತ್ತಾರೆ. ಸೂಪರ್‌ವೈಸರ್ ಕೂಡ ತಂದೆಯ ಹೆಸರಿನ ಕೆಳಗೆ ಸಹಿ ಮಾಡಿ, ತನ್ನ ಮಕ್ಕಳ ಹೆಸರು ಬರೆಸಿ ಬಂದಿದ್ದರು. ಅದು ಸಾಲದೆಂದು ಹರಿಯಾಣದ ಪಟವಾರಿಯ ಹತ್ತಿರ ‘ಶಜರಾ ನಸಬ್’ ಎಂಬ ದಾಖಲೆ ಇರುತ್ತದೆ. ಊರಿನ ಭೂಮಾಲೀಕರ ವಂಶಾವಳಿ ಅದು, ಜಮಾಬಂದಿಯ ಜೊತೆಗೇ ಬರುತ್ತದೆ. ಮಾನೇಸರ್ ಸುತ್ತ ಹೊಲಗಳು ಕಾರ್ಖಾನೆಗಳಾದಾಗ ಪರಿಹಾರದಲ್ಲಿ ಯಾರಿಗೆ ಎಷ್ಟು ಪಾಲು ಎಂದು ತಿಳಿಯಲು ಈ ಮರದ ಕೊಂಬೆಗಳನ್ನೇ ನೋಡಿದರು. ಮರದಲ್ಲಿ ಗಂಡಸರೇ ಹೆಚ್ಚು, ಹೆಂಗಸರು ಅಪರೂಪ.

‘ನಿಮ್ಮ ಕಡೆ ಪಂಡಾ ಇಲ್ವಾ, ಸರ್‌ಜೀ?’ ಎಂದು ಅವರು ಕೇಳಿದಾಗ ನನಗೆ ಥಟ್ಟನೆ ಹೆಳವರು ನೆನಪಾದರು. ಸಣ್ಣವನಿದ್ದಾಗ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಕಣದಲ್ಲಿ ಕುಳಿತು, ನಮ್ಮ ವಂಶದವರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ ಜೋಳ, ರಾಗಿ, ಹಳೆ ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದ ಹೆಳವಪ್ಪ. ನಾವು ಹುಡುಗರು ಅದನ್ನು ಭಿಕ್ಷೆ ಎಂದುಕೊಂಡಿದ್ದೆವು. ಊರಿಗೆ ಫೋನ್ ಮಾಡಿ ಕೇಳಿದರೆ ಆ ಮನೆತನದವರು ಈಗಲೂ ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ, ಎತ್ತಿನ ಬದಲು ಟೆಂಪೊದಲ್ಲಿ ಎಂದರು. ದೀಪಾವಳಿಗೆ ಹೋದಾಗ ಅವರನ್ನು ಹುಡುಕಿಕೊಂಡು ಹೋದೆ.

ಹೆಳವರ ಪುಸ್ತಕದಲ್ಲಿ ಮುತ್ತಜ್ಜ ಇದ್ದ. ನನ್ನ ಎದೆ ಹೊಡೆದುಕೊಂಡಿತು ಎಂದರೆ ಉತ್ಪ್ರೇಕ್ಷೆ ಅಲ್ಲ. ಅವನ ಅಪ್ಪ, ಅಪ್ಪನ ಅಪ್ಪ, ಮೂಲ ಊರು, ಬೆಡಗು, ಎಲ್ಲ. ನಾಲ್ಕು ಜನ ಗಂಡುಮಕ್ಕಳಲ್ಲಿ ಮುತ್ತಜ್ಜ ಮೂರನೆಯವನು. ನಮಗೆ ಗೊತ್ತಿದ್ದದ್ದು ಇಬ್ಬರು ಮಾತ್ರ. ಹಿರಿಯವನ ಸಂತಾನ ‘ಕಡಿದಿದೆ’ ಎಂದು ಓದಿದರು. ಅವರ ಭಾಷೆಯಲ್ಲಿ ಹಾಗೆಂದರೆ ಆ ಕೊಂಬೆ ಅಲ್ಲಿಗೆ ಮುಗಿಯಿತು. ಯುದ್ಧ, ಮಿಸರ್, ಪದಕ ಯಾವುದೂ ಪುಸ್ತಕದಲ್ಲಿಲ್ಲ. ‘ನಮ್ಗೆ ಬೇಕಾದ್ದು ಯಾರಿಗೆ ಯಾರು ಹುಟ್ಟಿದ್ರು ಅನ್ನೋದು. ಅವ್ರು ಏನ್ ಮಾಡಿದ್ರು ಅನ್ನೋದು ನೀವು ಇಟ್ಕೊಳಿ’ ಎಂದರು ಆ ಹಿರಿಯರು. ಕೆಲಸದ ಹಂಚಿಕೆ ನ್ಯಾಯವಾಗಿಯೇ ಇದೆ ಅನ್ನಿಸಿತು. ನನ್ನ ಮಗಳ ಹೆಸರು ಬರೆದುಕೊಳ್ಳಿ ಎಂದೆ. ಸ್ವಲ್ಪ ಯೋಚಿಸಿ ಬರೆದುಕೊಂಡರು.

ಇನ್ನು ಜಮೀನಿನ ಕಾಗದ. ಪಹಣಿ, ಮ್ಯುಟೇಶನ್ ಈಗ ಭೂಮಿ ತಂತ್ರಾಂಶದಲ್ಲಿ ಕುಳಿತಲ್ಲೇ ಸಿಗುತ್ತವೆ. ಆದರೆ ಅವುಗಳ ಹಿಂದಿನ ಕಥೆ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಹಳೆಯ ಪುಸ್ತಕಗಳೇ ಗತಿ. ಹಳೆ ಮೈಸೂರಿನಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಎಂಬ ಎರಡು ಪುಸ್ತಕಗಳು, ರೈತರ ಬಾಯಲ್ಲಿ ‘ಐಎಲ್, ಆರ್‌ಆರ್’. ಜಮೀನು ಹೇಗೆ ಬಂತು ಎಂದು ಬರೆಯಲು ಅದರಲ್ಲಿ ಜಾಗ ಇರುತ್ತದೆ. ಪಿತ್ರಾರ್ಜಿತವೋ, ಕ್ರಯವೋ, ದರಖಾಸ್ತೋ. ನಮ್ಮ ದೊಡ್ಡ ಹೊಲದ ಮುಂದೆ ಪಿತ್ರಾರ್ಜಿತ ಎಂದಿತ್ತು. ನಾಲೆ ಕೆಳಗಿನ ಎರಡು ಎಕರೆಯ ಮುಂದೆ ‘ಕ್ರಯ’ ಎಂದು ಬರೆದು ಒಂದು ನೋಂದಣಿ ಸಂಖ್ಯೆ ಕೊಟ್ಟಿದ್ದರು.

ಅಂದರೆ ಮುತ್ತಜ್ಜ ಆ ಜಮೀನನ್ನು ಕೊಂಡಿದ್ದ. ಮೂರನೇ ಮಗ, ಪಾಲಿಗೆ ಬಂದದ್ದು ಒಣ ಹೊಲ. ಮಾರಿಕಣಿವೆಯ ಅಣೆಕಟ್ಟು ಮುಗಿದದ್ದು 1907ರಲ್ಲಿ. ಅದರ ನಾಲೆಯ ನೀರು ಬರುವ ಜಮೀನಿಗೆ ಕಾಸು ಎಲ್ಲಿಂದ ಬಂತು? ಲಡಾಯಿಯ ಸಂಬಳವಲ್ಲದೆ ಬೇರೆ ದಾರಿ ನನಗೆ ತೋಚುವುದಿಲ್ಲ.

ಕ್ರಯಪತ್ರದ ನಕಲಿಗೆ ಅರ್ಜಿ ಹಾಕಿದೆ. ಒಂದು ಕಚೇರಿಯಲ್ಲಿ ಆ ವರ್ಷದ ಪುಸ್ತಕ ಗೆದ್ದಲು ತಿಂದಿದೆ ಎಂದರು, ಮುಂದಿನ ಸಲ ಹೋದಾಗ ಇದೆ ಎಂದರು, ಮೂರನೇ ಸಲ ಸಿಕ್ಕಿತು. ಇದನ್ನು ಹೆಚ್ಚು ಬೆಳೆಸುವುದಿಲ್ಲ, ಕರ್ನಾಟಕದ ಓದುಗರಿಗೆ ಹೊಸದೇನಲ್ಲ. ಈಗ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂಸುರಕ್ಷಾ’ ಯೋಜನೆ ತಾಲ್ಲೂಕುಗಳಲ್ಲಿ ನಡೆಯುತ್ತಿದೆ. ಅದು ಮುಗಿದರೆ ನನ್ನಂಥ ಹೊರಗಿನವರ ರಜೆ, ರೈಲು ಚಾರ್ಜು ಉಳಿಯುತ್ತದೆ.

ನಕಲಿನ ಕೈಬರಹ ಮೋಡಿಯಾಗಿತ್ತು, ಅಕ್ಷರದಿಂದ ಅಕ್ಷರಕ್ಕೆ ಕೈ ಎತ್ತದೆ ಬರೆದದ್ದು. ಹಿಂದೆ ಶಾನುಭೋಗರ ಹತ್ತಿರ ಗುಮಾಸ್ತಿಕೆ ಮಾಡಿದ್ದವರ ಮಗ ಒಬ್ಬರು ಓದಿ ಹೇಳಿದರು. ಕೊಂಡವರ ಹೆಸರಿನಲ್ಲಿ ಮುತ್ತಜ್ಜ, ‘ಬಿನ್’ ಎಂದು ಅವನ ಅಪ್ಪನ ಹೆಸರು. ನಮ್ಮ ಕಂದಾಯ ಕಾಗದಗಳಲ್ಲಿ ಇಂಥವನ ಮಗ ಎನ್ನಲು ಅರಬಿಯ ‘ಬಿನ್’, ಇಂಥವನ ಹೆಂಡತಿ ಎನ್ನಲು ‘ಕೋಂ’. ಎಷ್ಟು ಸಲ ಪಹಣಿ ನೋಡಿದ್ದರೂ ಈ ‘ಬಿನ್’ ಮಿಸರ್ ದೇಶದವರ ಬಾಯಲ್ಲೂ ಇರುವ ಮಾತು ಎಂದು ಹೊಳೆದಿರಲಿಲ್ಲ. ಮುತ್ತಜ್ಜನಿಗೆ ಅಲ್ಲಿ ಹೊಳೆದಿತ್ತೇನೋ.

ಸಾಕ್ಷಿದಾರರ ಸಾಲಿನ ಕೆಳಗೆ ಮುತ್ತಜ್ಜನ ಹೆಬ್ಬೆಟ್ಟು ಇದೆ ಎಂದು ನಕಲಿನಲ್ಲಿ ಬರೆದಿದ್ದರು. ನಕಲಾದ್ದರಿಂದ ಗುರುತು ಇರಲಿಲ್ಲ, ‘ಹೆಬ್ಬೆಟ್ಟು’ ಎಂಬ ಪದ ಮಾತ್ರ. ಮನೆಯ ಕಥೆಯಲ್ಲಿ ಮುತ್ತಜ್ಜ ಇಂಗ್ಲಿಷ್ ಮಾತಾಡುತ್ತಿದ್ದ. ಮಾತಾಡಿರಬಹುದು, ಬರೆಯಲು ಬರುತ್ತಿರಲಿಲ್ಲ.

ಇದೆಲ್ಲ ಆದ ಮೇಲೂ ಫಲಕದ ಪ್ರಶ್ನೆ ಹಾಗೇ ಇತ್ತು. ಹೈಫಾದಲ್ಲಿ ಇದ್ದನೋ ಇಲ್ಲವೋ? ಆಗ ಪದಕದ ನೆನಪಾಯಿತು. ಮಹಾಯುದ್ಧದ ಪದಕಗಳ ಅಂಚಿನಲ್ಲಿ, ಅಂದರೆ ನಾಣ್ಯದ ದಪ್ಪದ ಮೇಲೆ, ಪಡೆದವನ ಸಂಖ್ಯೆ, ಹುದ್ದೆ, ಹೆಸರು, ಪಡೆ ಒತ್ತಿರುತ್ತಾರೆ ಎಂದು ಎಲ್ಲೋ ಓದಿದ್ದೆ. ತಮ್ಮನ ಮಗನಿಗೆ ಫೋನ್ ಮಾಡಿ ಅಂಚಿನ ಫೋಟೊ ಕಳಿಸು ಎಂದೆ. ಕರಿ ಕಟ್ಟಿದೆ, ಏನೂ ಕಾಣುವುದಿಲ್ಲ ಎಂದ. ಅಷ್ಟಕ್ಕೆ ಬಿಡದೆ ದೇವರ ಪಾತ್ರೆ ತೊಳೆಯುವ ಹುಣಸೆಹಣ್ಣು ಹಾಕಿ ಉಜ್ಜಿದ. (ಯಾರೂ ಹೀಗೆ ಮಾಡಬೇಡಿ. ಹಳೆ ಪದಕದ ಕಿಲುಬೂ ದಾಖಲೆಯೇ.) ಸಂಜೆ ಫೋಟೊ ಬಂತು. ಬೆಳ್ಳಿ ಬೆಳ್ಳಗಾಗಿರಲಿಲ್ಲ. ತಾಮ್ರದ ಚೊಂಬಿನ ಹಾಗೆ ಕೆಂಪಗಿತ್ತು.

ಆ ರಾತ್ರಿ ನಾನು ಓದಿ ತಿಳಿದದ್ದು ಇಷ್ಟು. ಬತ್ತಲೆ ಸವಾರ ಮುತ್ತಜ್ಜನಲ್ಲ, ಇಂಗ್ಲೆಂಡಿನ ಸಂತ ಜಾರ್ಜ್. ಅದು ಬ್ರಿಟಿಷ್ ವಾರ್ ಮೆಡಲ್, ಇನ್ನೊಂದು ಮುಖದಲ್ಲಿ ಐದನೇ ಜಾರ್ಜ್ ದೊರೆ. ಬೆಳ್ಳಿಯಲ್ಲಿ ಅದನ್ನು ಅರವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಕೊಟ್ಟರು. ಕಂಚಿನಲ್ಲಿ ಸುಮಾರು 1,10,000 ಮಾತ್ರ. ಕಂಚಿನದು ಕೂಲಿ ಪಡೆಗಳವರಿಗೆ, ಸೈನ್ಯದ ಹಿಂದೆ ನಡೆದ ಆಳುಗಳಿಗೆ. ಚೀನಾ, ಮಾಲ್ಟಾ, ಭಾರತದವರಿಗೆ.

ಅಂಚಿನ ಫೋಟೊವನ್ನು ಹಿಗ್ಗಿಸಿದೆ. ಸಂಖ್ಯೆ ಸವೆದಿತ್ತು. ಆಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ: ಎಸ್, ವೈ, ಸಿ, ಇ. ಸಯೀಸ್. ಆಮೇಲೆ ಮುತ್ತಜ್ಜನ ಹೆಸರು, ನಾನು ಹುಡುಕಿದ ಒಂಬತ್ತು ಬಗೆಗಳಲ್ಲಿ ಇಲ್ಲದ ಹತ್ತನೆಯ ಬಗೆಯಲ್ಲಿ.

ಸಯೀಸ್ ಎಂದರೆ ಕುದುರೆ ನೋಡಿಕೊಳ್ಳುವವನು. ಸವಾರನಲ್ಲ, ಸವಾರನ ಕುದುರೆಗೆ ಮೈ ತಿಕ್ಕುವವನು, ನೀರು ಕುಡಿಸುವವನು, ಲದ್ದಿ ಎತ್ತುವವನು. ಕುದುರೆ ಪಡೆ ಎಂದರೆ ನಮಗೆ ಬರ್ಜಿ ಹಿಡಿದವರ ಚಿತ್ರ ಕಣ್ಮುಂದೆ ಬರುತ್ತದೆ. ಅವರ ಹಿಂದೆ ಸಯೀಸರು, ಹುಲ್ಲು ಕೊಯ್ಯುವವರು, ಲಾಳ ಹೊಡೆಯುವವರು, ನೀರು ಹೊರುವ ಭಿಸ್ತಿಗಳು, ಅಡುಗೆಯವರು ಇದ್ದರು. ಆ ಯುದ್ಧಕ್ಕೆ ಭಾರತದಿಂದ ಸೇರಿಸಿಕೊಂಡವರಲ್ಲಿ ಸುಮಾರು 5.6 ಲಕ್ಷ ಮಂದಿ ಹೀಗೆ ಆಯುಧ ಹಿಡಿಯದವರು. ಮರಳುಗಾಡಿನಲ್ಲಿ ಒಂದು ಕುದುರೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು ಎಂದು ಸವಾರನಿಗಿಂತ ಇವರಿಗೆ ಚೆನ್ನಾಗಿ ಗೊತ್ತಿತ್ತು. ಹೈಫಾದ ದಾಳಿಯ ದಿನ ಸಯೀಸರು ಹಿಂದೆಯೇ ಇದ್ದಿರಬೇಕು. ದಾಳಿಯಲ್ಲಿ ಅವರಿಗೆ ಕೆಲಸವಿಲ್ಲ. ಕೆಲಸ ಶುರುವಾಗುವುದು ಕುದುರೆಗಳು ವಾಪಸ್ ಬಂದ ಮೇಲೆ, ವಾಪಸ್ ಬಂದರೆ.

ನನಗೆ ಮೊದಲು ಅನಿಸಿದ್ದು ಬೇಸರ ಎಂದು ಒಪ್ಪಿಕೊಳ್ಳುತ್ತೇನೆ. ನಾನೂ ಸಹೋದ್ಯೋಗಿಗಳ ಮುಂದೆ ಹೈಫಾ ಕಥೆ ಹೇಳಿ ಕಾಲರ್ ಎತ್ತಿಕೊಂಡವನೇ. ಇಲ್ಲಿ ಮನೆಗೊಬ್ಬ ಫೌಜಿ ಇರುವ ನಾಡು. ಮೈಸೂರಿನವರೂ ಕುದುರೆ ಏರಿ ನುಗ್ಗಿದ್ದರು ಎಂದಾಗ ಒಂದು ಗೌರವ ಸಿಗುತ್ತಿತ್ತು. ಎರಡು ವಾರ ಈ ವಿಷಯ ಯಾರಿಗೂ ಹೇಳಲಿಲ್ಲ. ಫಲಕದವರು ಕಲ್ಲು ಕೆತ್ತಿಸಲು ಮುಂಗಡ ಕೊಟ್ಟಿದ್ದಾರೆ ಎಂಬ ಸುದ್ದಿ ಬಂತು.

ಕೊನೆಗೆ ಸೋದರತ್ತೆಗೆ ಫೋನ್ ಮಾಡಿದೆ. ದೊಡ್ಡಪ್ಪನಿಗಿಂತ ಎರಡು ವರ್ಷ ದೊಡ್ಡವರು. ‘ಅತ್ತೆ, ಮುತ್ತಜ್ಜ ಸವಾರ ಅಲ್ವಂತೆ, ಲಾಯದಲ್ಲಿ ಇದ್ದರಂತೆ’ ಎಂದು ತಡೆತಡೆದು ಹೇಳಿದೆ.

‘ಹ್ಞೂಂ, ಲಾಯದಲ್ಲೇ ಇದ್ದದ್ದು’ ಎಂದರು ಅತ್ತೆ, ಸಂತೆಗೆ ಹೋಗಿದ್ದರು ಎನ್ನುವಷ್ಟು ಸಲೀಸಾಗಿ. ‘ಅಜ್ಜಿ ಹೇಳ್ತಿದ್ಲು. ಲಾಯದೋರು ಅಂತ್ಲೇ ನಮ್ಮನೆ ಹೆಸ್ರು ಇದ್ದದ್ದು. ಆಮೇಲೆ ಗಂಡಸ್ರು ಎಲ್ಲ ಸೇರ್ಕೊಂಡು ಕುದ್ರೆ ಹತ್ಸಿದ್ರು.’

‘ಮತ್ತೆ ನೀವ್ಯಾಕೆ ಹೇಳ್ಲಿಲ್ಲ?’

‘ನೀವ್ಯಾರು ಕೇಳಿದ್ರಿ?’

ಅವತ್ತು ಅತ್ತೆಯ ಹತ್ತಿರ ಒಂದು ಗಂಟೆ ಮಾತಾಡಿದೆ. ಎರಡು ವರ್ಷದಲ್ಲಿ ಕಡತಗಳಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಮುತ್ತಜ್ಜ ಕುದುರೆ ಹತ್ತಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಆದರೆ ಸುತ್ತ ಹತ್ತು ಹಳ್ಳಿಯವರು ಕುಂಟುವ ಎತ್ತು, ಮೇವು ಬಿಟ್ಟ ಹಸು ಹೊಡೆದುಕೊಂಡು ಅವನ ಹತ್ತಿರ ಬರುತ್ತಿದ್ದರು. ಗೊರಸು ಎತ್ತಿ ಮೂಸಿ ನೋಡಿ ಹೇಳುತ್ತಿದ್ದನಂತೆ. ನಮ್ಮ ಕಡೆ ಅಮೃತಮಹಲ್ ಕಾವಲುಗಳಿವೆ, ದನ ಬಲ್ಲವರು ಬೇಕಾದಷ್ಟು. ಲಾಯಕ್ಕೆ ಅವನನ್ನು ಸೇರಿಸಿಕೊಂಡದ್ದೂ ಅದಕ್ಕೇ ಇರಬಹುದು. ಹಟ್ಟಿಯಲ್ಲಿ ದನಗಳ ಪಕ್ಕವೇ ಮಲಗುತ್ತಿದ್ದ, ಮನೆಯೊಳಗೆ ನಿದ್ದೆ ಬರುತ್ತಿರಲಿಲ್ಲ.

ಇನ್ನೊಂದು ವಿಷಯ. ಮುತ್ತಜ್ಜನಿಗೆ ಲಡಾಯಿಗೆ ಹೋಗುವ ಮುಂಚೆಯೇ ಮದುವೆಯಾಗಿತ್ತು. ಆ ಹೆಂಡತಿ, ಒಂದು ಮಗು, ಇಬ್ಬರೂ ‘ಯುದ್ಧದ ಜ್ವರ’ದಲ್ಲಿ ಹೋದರು. 1918ರ ಮಳೆಗಾಲ ಕಳೆದ ಮೇಲೆ ಮೈಸೂರು ಸೀಮೆಯನ್ನು ಬಡಿದ ಇನ್‌ಫ್ಲುಯೆಂಜಾ ಅದು. ದೇಶದಲ್ಲಿ ಕೋಟಿಗೂ ಮೀರಿ ಜನ ಸತ್ತರು. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಬೆಳೆಯುವ ಬದಲು ಇಳಿಯಿತು, ಜನಗಣತಿ ಶುರುವಾದಂದಿನಿಂದ ಹಾಗಾದದ್ದು ಅದೊಂದೇ ದಶಕ. ಹೈಫಾದಲ್ಲಿ ಕುದುರೆಗಳು ನುಗ್ಗಿದ ಕೆಲವೇ ವಾರಗಳಲ್ಲಿ ಊರಲ್ಲಿ ಮನೆ ಖಾಲಿಯಾಗಿತ್ತು. ಪಡೆಗೆ ತಕ್ಷಣ ವಾಪಸಾತಿ ಸಿಗಲಿಲ್ಲ. ಅವನಿಗೆ ಸುದ್ದಿ ಮುಟ್ಟಿದ್ದು ಊರ ಅಗಸೆಯಲ್ಲಿ ಎಂದರು ಅತ್ತೆ.

ಆ ಮೊದಲ ಹೆಂಡತಿ ಹೆಳವರ ಪುಸ್ತಕದಲ್ಲಿಲ್ಲ. ಕ್ರಯಪತ್ರದಲ್ಲಿಲ್ಲ. ಯಾವನ ಹೆಸರಿನ ಮುಂದೂ ‘ಕೋಂ’ ಎಂದು ಇಲ್ಲ. ಅವಳ ಹೆಸರು ಏನಿತ್ತು ಎಂದು ಕೇಳಿದೆ.

‘ನಂದೇ’ ಎಂದರು ಅತ್ತೆ. ‘ನಾನು ಹುಟ್ಟಿದಾಗ ಅಜ್ಜನೇ ಇಟ್ಟಿದ್ದಂತೆ. ನಮ್ಮಜ್ಜಿ, ಅಂದ್ರೆ ಎರಡ್ನೇವ್ಳು, ಬೇಡ ಅನ್ಲಿಲ್ಲ.’

ಅವಳ ಹೆಸರು ಇರುವ ಸರ್ಕಾರಿ ದಾಖಲೆ ಒಂದೇ ಒಂದು, ಅತ್ತೆಯ ಆಧಾರ್ ಕಾರ್ಡು. ಇನ್ನು ಮೇಲೆ ಎರಡಾಗುತ್ತದೆ. ಪೌತಿ ಖಾತೆಗೆ ಗ್ರಾಮ ಆಡಳಿತಾಧಿಕಾರಿಗೆ ಕೊಟ್ಟ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೂ ಬರಬೇಕು. ಹುಟ್ಟಿದ ಮನೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ‘ನಂಗೆ ಜಮೀನು ಬೇಡ, ಹೆಸ್ರು ಮಾತ್ರ ಸರಿಯಾಗಿ ಬರ್ಸು’ ಎಂದರು. ಮುತ್ತಜ್ಜ ಸತ್ತದ್ದಕ್ಕೆ ಕಾಗದ ಮಾಡಿಸುವುದು ಇನ್ನೂ ಬಾಕಿ. ಜನನ–ಮರಣ ನೋಂದಣಿಯ ಈಗಿನ ಕಾಯ್ದೆ 1969ರದು, ಅವನು ಸತ್ತದ್ದು ಅದಕ್ಕೂ ಮುಂಚೆ. ವರ್ಷ ಮೀರಿದ ಮರಣ ಬರೆಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅರ್ಜಿ ಹಾಕಿದ್ದೇವೆ. ಸಾಕ್ಷಿ ಹೇಳಲು ಅತ್ತೆ ಹೊಸ ಸೀರೆ ತೆಗೆದಿಟ್ಟಿದ್ದಾರೆ.

ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಯುಗಾದಿಗೆ ಹೋದಾಗ ಪದಕವನ್ನು ಕೈಯಲ್ಲಿಟ್ಟು, ಭೂತಗನ್ನಡಿ ಕೊಟ್ಟು, ಒಂದೊಂದೇ ಅಕ್ಷರ ತೋರಿಸಿದೆ. ಕಂಚು ಎಂದೆ. ಸಯೀಸ್ ಎಂದೆ. ಕುದುರೆಯ ಮೇಲಿರುವವನು ಯಾರು ಎಂದೆ. ಅವರು ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅರವತ್ತು ವರ್ಷ ಹೇಳಿಕೊಂಡು ಬಂದ ಕಥೆ. ಹೊರಗೆ ಫಲಕದ ಹುಡುಗರು ಎರಡು ಸಲ ಬಂದು ಹೋದರು, ಅಕ್ಷರ ಅಂತಿಮ ಮಾಡಬೇಕಿತ್ತು.

‘ಹೈಫಾ ವೀರ ತೆಗ್ಸಿ’ ಎಂದರು ಕೊನೆಗೆ. ‘ಬರೀ ಹೆಸ್ರು ಹಾಕಿ, ಲಾಯದೋರು ಅಂತ ಹಾಕಿ. ಲಡಾಯಿಗೆ ಹೋಗಿದ್ರು ಅಂತ ಹಾಕಿ.’ ಹುಡುಗರಿಗೆ ಇಷ್ಟವಾಗಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಈ ಲೇಖನ ಬರೆಯುವ ಹೊತ್ತಿಗೂ ಕಲ್ಲು ಕೆತ್ತನೆಯವನ ಅಂಗಡಿಯಲ್ಲೇ ಇದೆ.

ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ದೊಡ್ಡಪ್ಪ ನನ್ನ ಕಡೆ ತಿರುಗಿದರು.

‘ಅವತ್ತು ಅರವತ್ತು ಕುದ್ರೆ ಸತ್ವು ಅಂದ್ಯಲ್ಲ, ಅದ್ರಲ್ಲಿ ನಮ್ಮಜ್ಜಂದು ಎಷ್ಟಿದ್ವೋ?’